ಮುಂದೆ ನಾನೇ ಹೋಗ್ತೀನಿ

ಇವಾಕಿ
ಅಕ್ಟೋಬರ್ ೧೯, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಮಿನೊರಿ,

ಹೇಗಿದ್ದೀಯಮ್ಮಾ? ಮೊಣಕಾಲಿನ ನೋವು ಇಳಿಯಿತೇ? ಕಳೆದ ಭಾನುವಾರ ಫೋನಿನಲ್ಲಿ "ಚೆನ್ನಾಗಿದೀನಿ, ಚೆನ್ನಾಗಿದೀನಿ" ಎಂದು ಎರಡೆರಡು ಸಲ ಹೇಳಿದೆ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಇಜುವಿನ ನಿನ್ನ ತರಬೇತಿ ಶಾಲೆಯ ಆ ಗುಡ್ಡದ ಏರಿನಲ್ಲಿ ಹೊತ್ತು ಮೂಡುವ ಮೊದಲೇ ಸೈಕಲ್ ತುಳಿಸುತ್ತಾರೆ ಎಂದು ನಿನ್ನಪ್ಪ ಹೇಳುತ್ತಿದ್ದರು, ಹೇಳುವಾಗ ಅವರ ಮುಖದಲ್ಲಿ ಒಂಚೂರೂ ಕನಿಕರ ಇರಲಿಲ್ಲ. ತೊಡೆಗೆ ಹಚ್ಚುವ ಮುಲಾಮು ಮುಗಿದಿದ್ದರೆ ನಾಚಿಕೊಳ್ಳದೆ ಹೇಳು, ಇಲ್ಲಿ ಬಚ್ಚಲುಮನೆಯ ಗೂಡಿನ ತುಂಬ ಅವರ ಡಬ್ಬಿಗಳೇ ಇವೆ. ನಾನು ಆರೋಗ್ಯವಾಗಿದ್ದೇನೆ. ಪರ್ಸಿಮನ್ ಹಣ್ಣು ಸುಲಿದು ದಾರಕ್ಕೆ ಪೋಣಿಸಿ ಸೂರಿನಡಿ ಒಣಗಲು ಕಟ್ಟಿದ್ದೇನೆ. ಹೋದ ವರ್ಷ ಅರ್ಧಕ್ಕರ್ಧ ಕಾಗೆಯ ಪಾಲಾಯಿತು, ಈ ಸಲ ಬಲೆ ಹಾಕಿಸಿದ್ದೇನೆ.

ಇನ್ನು ಸುದ್ದಿಗೆ ಬರುತ್ತೇನೆ. ನಿನ್ನಪ್ಪ ಆವೊಮೊರಿಯ ಕೇರಿನ್ ಸೈಕಲ್ ಪಂದ್ಯಕ್ಕೆ ಹೋಗಿದ್ದಾರೆ, ಇವತ್ತು ಕೊನೆಯ ದಿನ, ಮಧ್ಯಾಹ್ನ ಮೂರೂವರೆಗೆ ಅವರ ಓಟ. ಜನ ದುಡ್ಡು ಕಟ್ಟುವ ಆಟವಲ್ಲವೇ, ಎಂದಿನಂತೆ ಪಂದ್ಯದವರು ಬಾಗಿಲಲ್ಲೇ ಫೋನು ಇಸಿದುಕೊಂಡು ಆಟಗಾರರನ್ನು ಒಳಗೆ ಹಾಕಿ ಬೀಗ ಜಡಿದಿದ್ದಾರೆ. ಪಂದ್ಯ ಮುಗಿಯುವವರೆಗೆ ಹೊರಗಿನ ಒಂದು ಮಾತು ಒಳಗೆ ಹೋಗುವುದಿಲ್ಲ, ಒಳಗಿನದು ಹೊರಗೆ ಬರುವುದಿಲ್ಲ. ಮದುವೆಯಾದಾಗಿನಿಂದ ಈ ಬೀಗಕ್ಕೆ ಹೊಂದಿಕೊಂಡಿದ್ದೇನೆ. ಆದರೆ ಈ ಸಲ ಕೂತಲ್ಲಿ ಕೂರಲಾಗುತ್ತಿಲ್ಲ. ಅವರ ಎಡಗೈ ಸರಿಯಿಲ್ಲ ಮಿನೊರಿ. ನಿನಗೆ ಹೇಳಬಾರದೆಂದು ನನ್ನ ಬಾಯಿ ಕಟ್ಟಿಹಾಕಿದ್ದರು. ಬಾಯಿ ಕಟ್ಟಿದ್ದರು, ಕೈ ಕಟ್ಟಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಬಿದ್ದರಲ್ಲ, ಭುಜದ ಮೂಳೆ ಮುರಿಯಿತು ಎಂದು ನಿನಗೆ ಹೇಳಿದೆವು. ಈ ಮನೆಯಲ್ಲಿ ಭುಜದ ಮೂಳೆ ಮುರಿಯುವುದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ, ನೀನೂ ಏರಿಸಲಿಲ್ಲ. ಕುತ್ತಿಗೆಗೂ ಪೆಟ್ಟು ಬಿದ್ದಿತ್ತು, ಅದನ್ನು ಹೇಳಲಿಲ್ಲ. ಮೂಳೆ ಕೂಡಿತು, ಮತ್ತೆ ಸೈಕಲ್ ಹತ್ತಿದರು, ನಾನೂ ಸುಮ್ಮನಾದೆ. ಆಮೇಲೆ ಊಟಕ್ಕೆ ಕೂತಾಗ ಒಂದು ವಿಚಿತ್ರ ಕಂಡೆ. ಅವರು ಅನ್ನದ ಬಟ್ಟಲನ್ನು ಮೇಜಿನ ಮೇಲೇ ಬಿಟ್ಟು, ಅದರ ಮೇಲೆ ಬಗ್ಗಿ ಉಣ್ಣುತ್ತಿದ್ದರು. ಯಾರು? ನೀನು ಚಿಕ್ಕವಳಿದ್ದಾಗ "ಬಟ್ಟಲು ಎತ್ಕೊಂಡು ಉಣ್ಣು, ನಾಯಿ ಥರ ಮೂತಿ ಹಾಕ್ಬೇಡ" ಎಂದು ನಿನ್ನ ಬೆನ್ನಿಗೆ ಗುದ್ದುತ್ತಿದ್ದ ಅದೇ ಮನುಷ್ಯ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಬೇಕೆಂದೇ ಬಿಸಿಯಿಲ್ಲದ, ಹಗುರವಾದ ಬಟ್ಟಲನ್ನು ಅವರ ಕೈಗೆ ಕೊಟ್ಟೆ. ಎಡಗೈ ಬೆರಳುಗಳು ಮಡಿಚಿಕೊಳ್ಳಲಿಲ್ಲ, ಬಟ್ಟಲು ಜಾರಿ ಚಾಪೆಯ ಮೇಲೆ ಅನ್ನವೆಲ್ಲ ಚೆಲ್ಲಿತು. ಇಬ್ಬರೂ ಒಂದೊಂದೇ ಅಗುಳು ಆರಿಸಿದೆವು.

ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಕೈ ಸೋತಿರುವುದು ಕುತ್ತಿಗೆಯ ಪೆಟ್ಟಿನಿಂದ, ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಸೈಕಲ್ಲಿನ ಮಾತು ಹಾಗಿರಲಿ, ಎದ್ದು ಓಡಾಡುವುದಕ್ಕೂ ಭರವಸೆ ಕೊಡಲಾರೆ ಎಂದರು. ಅದಕ್ಕೆ ನಿನ್ನಪ್ಪ ಕೇಳಿದ ಪ್ರಶ್ನೆ: "ಅಂದ್ರೆ ಸದ್ಯಕ್ಕೆ ತುಳೀಬಹುದು ಅಂತಲೇ ಆಯ್ತಲ್ಲ?" ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಏಕೆ ಬಿಡುತ್ತಿಲ್ಲ ಎನ್ನುವುದು ನಿನಗೆ ಗೊತ್ತು, ನನಗೂ ಗೊತ್ತು. ನೀನು ತರಬೇತಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ಹೇಳಿದ ಮಾತು: "ನಾನು ಬರೋವರೆಗೂ ನೀನು ಬಿಡ್ಬಾರ್ದು ಅಪ್ಪಾ. ಒಂದೇ ದಿನ, ಒಂದೇ ಟ್ರ್ಯಾಕು, ನೀನೂ ನಾನೂ. ಆಮೇಲೆ ಬೇಕಾದ್ರೆ ಮುದುಕ ಆಗು." ಅವರು ಜೇಬಿನಿಂದ ಕೈ ತೆಗೆಯದೆ, "ಸರಿ, ಮಾತು ಕೊಟ್ಟೆ" ಎಂದರು. ನಾವೆಲ್ಲ ನಕ್ಕೆವು. ಹುಡುಗಿಯರ ಓಟವನ್ನೂ ಅವರಂಥ ಕೆಳದರ್ಜೆಯ ಗಂಡಸರ ಓಟವನ್ನೂ ಒಂದೇ ಪಂದ್ಯದಲ್ಲಿ ಇಡುತ್ತಾರಾದ್ದರಿಂದ ಅದು ಆಗದ ಮಾತೇನೂ ಆಗಿರಲಿಲ್ಲ. ನೀನು ಪಂದ್ಯಕ್ಕೆ ಇಳಿಯುವುದು ಬರುವ ಮೇ ತಿಂಗಳಲ್ಲಿ. ಐವತ್ತೇಳರ ಮನುಷ್ಯ ಓಟದ ಅಂಕ ಸಾಲದೆ ಆಟಗಾರರ ಪಟ್ಟಿಯಿಂದ ಬಿದ್ದುಹೋಗದಂತೆ ಅಲ್ಲಿಯವರೆಗೆ ಹೇಗಾದರೂ ತೂಗಿಸಬೇಕೆಂದು ಹಲ್ಲು ಕಚ್ಚಿ ತುಳಿಯುತ್ತಿದ್ದಾರೆ. ನಿನ್ನನ್ನು ದೂರುತ್ತಿಲ್ಲ ಕಂದಾ. ಆಗ ಅವರ ಕೈ ಚೆನ್ನಾಗಿತ್ತು.

ನಾನು ಜಗಳವಾಡಿದೆ. ಅವರ ಹಳೆಯ ಗುರು ಶಿಗಾ ಮೇಷ್ಟ್ರು ತಮ್ಮ ಸೈಕಲ್ ಅಂಗಡಿಗೆ ಬಾ ಎಂದು ಕರೆಯುತ್ತಲೇ ಇದ್ದಾರೆ. ಕಾರಿನ ಲೈಸೆನ್ಸ್ ವಾಪಸು ಕೊಟ್ಟ ಊರಿನ ಅಜ್ಜ ಅಜ್ಜಿಯರಿಗೆಲ್ಲ ಈಗ ಮೂರು ಚಕ್ರದ ಸೈಕಲ್ ಬೇಕು, ಅದನ್ನು ತಿರುವಿನಲ್ಲಿ ಉರುಳಿಸದೆ ಓಡಿಸಲು ಹೇಳಿಕೊಡುವವರೂ ಬೇಕು. ಮೇಷ್ಟ್ರೊಬ್ಬರ ಕೈಯಲ್ಲಿ ಆಗುತ್ತಿಲ್ಲ. ನಾನು ಈ ಮಾತೆತ್ತಿದರೆ ನಿನ್ನಪ್ಪ, "ಇವತ್ತು ಮೂರು ಚಕ್ರ, ನಾಳೆ ಮುದುಕರ ಜೊತೆ ಗೇಟ್‌ಬಾಲ್ ಆಟ, ನಾಡಿದ್ದು ನನ್ನ ಫೋಟೋಗೆ ಊದಿನಕಡ್ಡಿ. ಎಲ್ಲಾ ಲೆಕ್ಕ ಹಾಕಿಟ್ಟಿದೀಯಲ್ಲೇ" ಎಂದರು. "ಊದಿನಕಡ್ಡಿ ಅಷ್ಟು ಬೇಗ ಬೇಡ ಅಂತಲೇ ಬಡ್ಕೋತಿರೋದು" ಎಂದೆ. ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಅವರೇ ಸ್ನಾನಕ್ಕೆ ನೀರು ಕಾಯಿಸಿಟ್ಟು, ಮೊದಲು ನೀನು ಹೋಗು ಎಂದರು. ಅದು ಅವರ ಕ್ಷಮೆ ಕೇಳುವ ರೀತಿ, ಆದರೆ ಮನಸ್ಸು ಬದಲಾಯಿಸಿದ್ದರ ಗುರುತಲ್ಲ.

ಕೊನೆಗೆ ಎಂಥ ಹುಚ್ಚಿಗೆ ಇಳಿದೆ ಎಂದರೆ, ಅವರು ಆವೊಮೊರಿಗೆ ಹೊರಡುವ ಮುಂಚೆ, ನಮ್ಮ ಎಂದೊ ಇದ್ದಾನಲ್ಲ, ಅವನ ಮನೆಗೆ ಹೋದೆ. ಪಾಪ, ಆ ಹುಡುಗ ನಿನ್ನಪ್ಪನ ಶಿಷ್ಯ. ಓಟದಲ್ಲಿ ನಮ್ಮೂರ ಕಡೆಯವರು ಒಂದು ಸಾಲಾಗಿ ಹೋಗುವಾಗ ಅವನು ಮುಂದೆ ಗಾಳಿಗೆ ಎದೆಯೊಡ್ಡುತ್ತಾನೆ, ನಿನ್ನಪ್ಪ ಅವನ ಹಿಂದೆ ಅಂಟಿಕೊಂಡು, ಪಕ್ಕದಿಂದ ನುಗ್ಗಿ ಬರುವವರನ್ನು ಭುಜ ಕೊಟ್ಟು ತಡೆಯುತ್ತಾರೆ. ಆ ಭುಜ ಕೊಡುವ ಜಾಗದಲ್ಲೇ ಬೀಳುವುದು. ಈ ಸಲ ನನ್ನ ಗಂಡನನ್ನು ಹಿಂದೆ ಹಾಕಿಕೊಳ್ಳಬೇಡ, ಒಬ್ಬನೇ ಹೋಗು ಎಂದು ಕೇಳಬೇಕೆಂದಿದ್ದೆ. ಮೂಲಂಗಿ ಉಪ್ಪಿನಕಾಯಿ ಕೊಟ್ಟು, ಅವನ ಮಗುವಿಗೆ ಹಲ್ಲು ಬಂದಿದ್ದನ್ನು ನೋಡಿ, ಚಹಾ ಕುಡಿದು ವಾಪಸು ಬಂದೆ. ಓಟದ ಬಗ್ಗೆ ಆಟಗಾರನ ಹೆಂಡತಿ ಅಂಥ ಒಂದು ಮಾತು ಆಡಿದರೆ ಅದು ಮೋಸ. ನನ್ನ ಭಯಕ್ಕೆ ಅವನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಬಾಗಿಲ ತನಕ ಬಂದ ಎಂದೊ, "ಅಕ್ಕಾ, ಏನೋ ಹೇಳೋಕೆ ಬಂದ ಹಾಗಿತ್ತು" ಎಂದ. "ಉಪ್ಪು ಸ್ವಲ್ಪ ಜಾಸ್ತಿ ಆಗಿದೆ, ನೀರಲ್ಲಿ ತೊಳ್ಕೊಂಡು ತಿನ್ನಿ" ಎಂದೆ.

ಈಗ ಇವತ್ತಿನ ಮಾತು. ಯಾರು ಯಾರ ಹಿಂದೆ ಹೋಗುತ್ತಾರೆಂದು ಆಟಗಾರರು ಹಿಂದಿನ ದಿನವೇ ಹೇಳಬೇಕಲ್ಲ, ಅದು ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ. ನಿನ್ನಪ್ಪನದು ನೀನು ಹುಟ್ಟುವ ಮೊದಲಿನಿಂದಲೂ ಒಂದೇ ಮಾತು: ಇಂಥವನ ಹಿಂದೆ. ನಾನದನ್ನು ಓದುವುದನ್ನೇ ಬಿಟ್ಟಿದ್ದೆ. ಇವತ್ತು ಶಿಗಾ ಮೇಷ್ಟ್ರು ಪತ್ರಿಕೆ ಹಿಡಿದು ಚಪ್ಪಲಿ ಬಿಡುವುದನ್ನೂ ಮರೆತು ಒಳಗೇ ಬಂದರು. "ಮಿಸಾವೊ, ನಿನ್ ಗಂಡ ಏನಂದಿದಾನೆ ನೋಡು" ಎಂದರು. ನಿನ್ನಪ್ಪನ ಹೆಸರಿನ ಮುಂದೆ, "ಎಂದೊ ನನ್ನ ಹಿಂದೆ ಇರ್ತಾನೆ. ಮುಂದೆ ನಾನೇ ಹೋಗ್ತೀನಿ" ಎಂದಿತ್ತು.

ಈ ವಯಸ್ಸಿನಲ್ಲಿ, ಮಗನ ವಯಸ್ಸಿನವರ ಎದುರು ಮುಂದೆ ನಿಂತು ಗಾಳಿ ಸೀಳುವುದೆಂದರೆ, ಅಂಕಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟರು ಎಂದುಕೊಂಡೆ. ಮೇಷ್ಟ್ರು ಬೇರೆಯೇ ಹೇಳಿದರು. "ಹುಚ್ಚಿ, ಮುಂದಿರೋನಿಗೆ ಮೈಗೆ ಮೈ ತಾಗಲ್ಲ. ಗುದ್ದಾಟ ಎಲ್ಲಾ ಹಿಂದೆ. ಕೈ ನಡೀತಿಲ್ಲ ಅಂತ ತನಗೆ ತಾನೇ ಒಪ್ಕೊಂಡಿದಾನೆ. ಕಾಯೋಕಾಗದವನು ಕಾಯೋ ಜಾಗದಲ್ಲಿ ನಿಲ್ಬಾರ್ದು ಅಂತ ನಾನೇ ಕಲಿಸಿದ್ದು" ಎಂದರು. ಆಮೇಲೆ ಪತ್ರಿಕೆ ಮಡಿಚುತ್ತ, "ಇಷ್ಟು ವರ್ಷ ಬೇರೆಯವರು ತಡೆದ ಗಾಳೀಲಿ ಬದುಕಿದೋನು, ಬಿಡೋ ಮುಂಚೆ ಒಂದ್ಸಲ ತಾನು ತಡೆದು ಕೊಡ್ತಾನೆ. ನಾನೂ ಹಾಗೇ ಬಿಟ್ಟಿದ್ದು. ಇದು ಬೀಳ್ಕೊಡುಗೆ ಕಣಮ್ಮ" ಎಂದರು.

ಅದು ನಿಜವೇ ಆದರೆ ಹೆಂಡತಿಗಿಂತ ಮೊದಲು ಊರಿನವರಿಗೆಲ್ಲ ಹೇಳಿದ್ದಾರೆ, ಬಂದ ಮೇಲೆ ಅದಕ್ಕೆ ಬೇರೆ ವಿಚಾರಣೆ ಇದೆ. ಸುಳ್ಳಾದರೆ ಏನು ಗತಿ ಎನ್ನುವುದನ್ನು ಬರೆಯಲಾರೆ. ಮೇಷ್ಟ್ರು ಮುಂದಿನ ಕೋಣೆಯಲ್ಲಿ ಟಿವಿ ಹಾಕಿಕೊಂಡು ಕೂತಿದ್ದಾರೆ. ನಾನು ಅಡಿಗೆಮನೆಯಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಅಕ್ಕಿ ತೊಳೆಯಲು ಹೋದೆ, ಎಷ್ಟು ಹಾಕಿದೆನೆಂದು ಮರೆತು ಎರಡು ಸಲ ಸುರಿದೆ. ಭಯವಾಗುತ್ತಿದೆ ಮಿನೊರಿ. ಇಷ್ಟು ವರ್ಷದಲ್ಲಿ ಎಷ್ಟೋ ಆಸ್ಪತ್ರೆಗಳಿಗೆ ಬಟ್ಟೆಯ ಗಂಟು ಹೊತ್ತು ಓಡಿದ್ದೇನೆ, ಆಗೆಲ್ಲ ಬಿದ್ದ ಮೇಲೆ ಅಳುತ್ತಿದ್ದೆ. ಬೀಳುವ ಮೊದಲೇ ಅಳು ಬರುತ್ತಿರುವುದು ಇದೇ ಮೊದಲು.

ಮೇಷ್ಟ್ರು ಕೂಗುತ್ತಿದ್ದಾರೆ, ಆಟಗಾರರು ಸಾಲಿಗೆ ಬಂದರಂತೆ. ಆಮೇಲೆ ನನ್ನ ಕೈ ಹೇಗಿರುತ್ತದೋ, ಈಗಲೇ ಸಹಿ ಹಾಕಿಬಿಡುತ್ತೇನೆ. ಹೊಟ್ಟೆ ತುಂಬ ಉಣ್ಣು, ಬೆನ್ನು ಬೆಚ್ಚಗಿಟ್ಟುಕೋ, ನಿನ್ನ ಕೋಣೆಯ ಗೆಳತಿಗೂ ನನ್ನ ಹಾರೈಕೆ ತಿಳಿಸು. ನೀನು ಗೆದ್ದರೂ ಸೋತರೂ ಎರಡು ಕೈಯೂ ಎರಡು ಕಾಲೂ ನೆಟ್ಟಗೆ ಮನೆಗೆ ಬರಲಿ, ನನ್ನ ಆಶೀರ್ವಾದ ಇಷ್ಟೇ.

ನಿನ್ನ ಅಮ್ಮ,
ಮಿಸಾವೊ

ಮತ್ತೆ: ಬೇಗ ಬೇಗ ಬರೆಯುತ್ತಿದ್ದೇನೆ, ಇವತ್ತಿನ ಅಂಚೆಗೆ ಬಿದ್ದರೆ ಭಾನುವಾರದೊಳಗೆ ನಿನ್ನ ಕೈ ಸೇರುತ್ತದೆ. ನಿನ್ನಪ್ಪ ಬೀಳಲಿಲ್ಲ. ಕೊನೆಯ ಸುತ್ತಿನ ಗಂಟೆ ಹೊಡೆದ ಕೂಡಲೇ ಮುಂದೆ ನುಗ್ಗಿದರು, ಎಂದೊ ಹಿಂದೆ ಅಂಟಿಕೊಂಡ. ಆಚೆ ಬದಿಯ ತಿರುವಿನಲ್ಲಿ ಅವರಿಬ್ಬರ ಬೆನ್ನ ಹಿಂದೆಯೇ ಬೇರೆ ಇಬ್ಬರು ಉರುಳಿದರು. ಸೈಕಲ್ಲಿಗೆ ಬ್ರೇಕಿಲ್ಲ, ಹಿಂದಿನವರು ಬಿದ್ದವರ ಮೇಲೇ ಹೋದರು. ಆ ರಾಶಿಯ ನಡುವೆ ನಾನು ನಿನ್ನಪ್ಪನ ಹಳದಿ ಅಂಗಿಯನ್ನೇ ಹುಡುಕುತ್ತಿದ್ದೆ. ಮೇಷ್ಟ್ರು ನನ್ನ ಗಲ್ಲ ಹಿಡಿದು ತಿರುಗಿಸಿ, "ಅಲ್ಲಲ್ಲ, ಇಲ್ಲಿ ನೋಡು" ಎಂದರು. ಹಳದಿ ಅಂಗಿ ಒಂದೇ ಸಮನೆ ತುಳಿಯುತ್ತಿತ್ತು. ಕೊನೆಯಲ್ಲಿ ಎಂದೊ ದಾಟಿ ಗೆದ್ದ, ನಿನ್ನಪ್ಪ ಮೂರನೆಯವರಾಗಿ ಬಂದರು. ಬಿದ್ದ ಹುಡುಗರಿಗೂ ಜೀವಕ್ಕೆ ಅಪಾಯವಿಲ್ಲವಂತೆ. ನಾನು ಅಲ್ಲೇ ಕೂತು ಚೆನ್ನಾಗಿ ಅತ್ತೆ.

ಆದರೆ ನಾನು ಹೇಳಬೇಕಾದ್ದು ಇದಲ್ಲ. ಈಗಷ್ಟೇ ಅವರ ಫೋನು ಬಂದಿತ್ತು. ಮೇಷ್ಟ್ರು ಹೇಳಿದ್ದು ಸರಿ, ಇದೇ ಕೊನೆ ಎಂದೇ ಹೋಗಿದ್ದರಂತೆ. ಅಷ್ಟು ಹೇಳಿದವರು ಮರುಕ್ಷಣವೇ ಮನಸ್ಸು ಬದಲಾಯಿಸಿ, ಚಿಕ್ಕ ಹುಡುಗನ ದನಿಯಲ್ಲಿ, "ಮುಂದೆ ಹೋದ್ರೆ ಕೈಯ ಕೆಲಸವೇ ಇಲ್ಲ ಕಣೇ. ಮೂರನೇ ಸ್ಥಾನ. ಹೀಗೇ ತುಳಿದ್ರೆ ಮೇ ತನಕ ತಳ್ಳಬಹುದು, ಮಿನೊರಿಗೆ ಕೊಟ್ಟ ಮಾತು ಉಳಿಯುತ್ತೆ" ಎಂದರು. ಯಾರು ಬಿದ್ದರು, ಎಲ್ಲಿ ಬಿದ್ದರು ಎನ್ನುವುದು ಅವರಿಗೆ ಕಾಣಿಸಿಯೇ ಇಲ್ಲ. ಅದು ಬೆನ್ನ ಹಿಂದೆ ಆಯಿತು, ನಾನು ಕಣ್ಣಾರೆ ಕಂಡೆ. ನನ್ನ ಮಾತನ್ನು ಅವರು ಹೆಂಗಸಿನ ಪುಕ್ಕಲುತನ ಎನ್ನುತ್ತಾರೆ, ಮೇಷ್ಟ್ರ ಮಾತನ್ನು ಅಂಗಡಿಯ ಸ್ವಾರ್ಥ ಎನ್ನುತ್ತಾರೆ. ಮಾತು ತೆಗೆದುಕೊಂಡವಳು ನೀನು, ನೀನೇ ವಾಪಸು ಕೊಡಬೇಕು. ಭಾನುವಾರ ಫೋನು ಮಾಡಿದಾಗ ನನ್ನ ಹೆಸರೆತ್ತಬೇಡ. ಗೋಗರೆಯಬೇಡ, ಕರಗಿಬಿಡುತ್ತಾರೆ, ಕರಗಿದರೆ ಇನ್ನಷ್ಟು ತುಳಿಯುತ್ತಾರೆ. "ನನ್ ಮೊದಲ್ನೇ ಓಟದ ದಿನ ನೀನು ಒಳಗೆ ಬೀಗ ಹಾಕಿಸ್ಕೊಂಡು ಕೂತ್ರೆ, ಬೇಲಿ ಹತ್ರ ನಿಂತು ನನ್ ಹೆಸರು ಕೂಗೋರು ಯಾರಪ್ಪಾ?" ಎಂದು ಬೈಯಿ. ನಿನಗೆ ಅವರ ಜೊತೆ ಓಡುವ ಆಸೆ ಎಷ್ಟಿದೆಯೆಂದು ನನಗೆ ಗೊತ್ತು ಕಂದಾ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದನಿ ನಡುಗದ ಹಾಗೆ ಬೈಯಿ.