ಐದು ಹಳದಿ ಏಣಿಗಳು

ಫೆಬ್ರವರಿ 19

ಹಳದಿ ಎನಾಮೆಲ್ ಪೈಂಟ್ ನಾಲ್ಕು ಲೀಟರ್. ಬ್ರಷ್ ಎರಡು. ಥಿನ್ನರ್ ಒಂದು ಬಾಟಲಿ. ಎಲ್ಲ ಸೇರಿ ಸಾವಿರದ ಆರುನೂರ ಎಂಬತ್ತು, ಡಿಸ್ಕೌಂಟ್ ಕಳೆದು. ಧರ್ಮೇಶನ ಜೀವ ಹೋಗುವುದಕ್ಕೆ ಆದ ಒಟ್ಟು ಖರ್ಚು ಇಷ್ಟು. ಬಿಲ್ ಬರೆದವನು ನಾನು. ಡಿಸ್ಕೌಂಟ್ ಕೊಟ್ಟವನೂ ನಾನೇ.

ಬೆಳಗ್ಗೆ ಎಂದಿನ ಹಾಗೆ ಅಂಗಡಿ ತೆಗೆದೆ. ಗಂಬೂಟ್ ನೇತುಹಾಕಿದೆ. ಹೆಲ್ಮೆಟ್ ಧೂಳು ಒರೆಸಿದೆ. ಸೊಂಟದ ಬೆಲ್ಟ್, ಗ್ಲೌಸ್, ಕನ್ನಡಕ... ಸಿದ್ದಾಪುರದ ಸುತ್ತ ಯಾವ ಎಸ್ಟೇಟಿನಲ್ಲಿ ಯಾರ ತಲೆ ಉಳಿದರೂ ಅದರಲ್ಲಿ ನಾಗಾರ್ಜುನನ ಅಂಗಡಿಯ ಪಾಲು ಉಂಟು ಅಂತ ಜಂಬ ಕೊಚ್ಚಿಕೊಂಡು ಬಂದವನು ನಾನು. ಶನಿವಾರಸಂತೆಯಿಂದ ಗೋಣಿಚೀಲದಲ್ಲಿ ಗಂಬೂಟ್ ತುಂಬಿಕೊಂಡು ಈ ಊರಿಗೆ ಮೊದಲ ಸಲ ಬಸ್ಸಲ್ಲಿ ಬಂದಿದ್ದೆ. ಬಾಯಿ ಒಂದೇ ಬಂಡವಾಳ.

ಆಮೇಲೆ ಫೋನಿನಲ್ಲಿ ಆ ಫೋಟೋ ನೋಡಿದೆ. ಜನವರಿಯಲ್ಲಿ, ಧರ್ಮೇಶ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಮ್ಯಾನೇಜರ್ ಕಳಿಸಿದ್ದು. ಕಾಫಿ ಕೊಳ್ಳುವ ಕಂಪನಿಯವರ ಇನ್‌ಸ್ಪೆಕ್ಷನ್ ಪಾಸಾಯ್ತು, ಥ್ಯಾಂಕ್ಸ್ ಅಂತ. ಗೋಡೌನ್ ಗೋಡೆಗೆ ಹಳದಿ ಏಣಿಗಳ ಸಾಲು. ಅಂದು ಖುಷಿಪಟ್ಟು ಸ್ಟೇಟಸ್‌ಗೆ ಹಾಕಿದ್ದೆ. ಇಂದು ಎಣಿಸಿದೆ.

ಏಳು.

ಆ ಎಸ್ಟೇಟಿಗೆ ನಾನು ಮಾರಿದ ಫೈಬರ್ ಏಣಿ ಎರಡು. ಉಳಿದದ್ದು ಆ ಪೈಂಟ್.

ಧರ್ಮೇಶ ಹೋದದ್ದು ಮೊನ್ನೆ. ಒಂದು ಸಿಲ್ವರ್ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ದು ಮುಗಿಸಿ ಇನ್ನೊಂದಕ್ಕೆ ಹೊರಟಿದ್ದ. ಏಣಿ ಮಲಗಿಸಲಿಲ್ಲ. ಇಲ್ಲಿ ಯಾರೂ ಮಲಗಿಸುವುದಿಲ್ಲ. ಮಲಗಿಸಿದರೆ ಮೊಗ್ಗು ಕಟ್ಟಿದ ಕಾಫಿ ರೆಂಬೆ ಮುರಿಯುತ್ತದೆ, ಬೈಗುಳ ಬೀಳುತ್ತದೆ. ಅಷ್ಟುದ್ದದ ಏಣಿಯನ್ನು ನಿಲ್ಲಿಸಿಕೊಂಡೇ ಮರದಿಂದ ಮರಕ್ಕೆ ನಡೆಯುತ್ತಾರೆ, ಮದುವೆ ಮೆರವಣಿಗೆಯಲ್ಲಿ ಟ್ಯೂಬ್‌ಲೈಟ್ ಹೊತ್ತವರ ಹಾಗೆ. ಕಣ್ಣು ಕಾಲಬುಡದಲ್ಲಿ. ಏಣಿಯ ತುದಿ ತೋಟದ ಮೇಲೆ ಹಾದುಹೋದ ಕರೆಂಟ್ ಲೈನಿಗೆ ತಾಗಿತು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪದ್ಮಯ್ಯ ಊರಿಗೆಲ್ಲ ಹೇಳಿದ್ದು — ಫೈಬರ್ ಏಣಿ ಗೋಡೌನಲ್ಲೇ ಇತ್ತು, ಅವನೇ ಹಗುರ ಅಂತ ಹಳೇ ಅಲ್ಯೂಮಿನಿಯಂ ತಗೊಂಡು ಹೋದ. ನಾನೂ ನಂಬಿದೆ. ಮಣ್ಣಿಗೆ ಹೋದಾಗ ಧರ್ಮೇಶನ ಹೆಂಡತಿ ಆಶಾರಾಣಿಯ ಎದುರೇ ಅಂದೆ, ಹೇಳಿದ ಮಾತು ಕೇಳಿದ್ದಿದ್ರೆ...

ಯಾವ ಮಾತು? ಡಿಸೆಂಬರಿನಲ್ಲಿ ಅದೇ ಎಸ್ಟೇಟಿನ ಅಂಗಳದಲ್ಲಿ ಮೈಕ್ ಹಿಡಿದು ಹೇಳಿದ್ದು. ಎದುರಿಗೆ ಕನ್ನಡದವರು, ತಮಿಳರು, ಮಲಯಾಳಿಗಳು, ಅಸ್ಸಾಮಿನಿಂದ ಬಂದವರು. ಅಲ್ಯೂಮಿನಿಯಂನಲ್ಲಿ ಕರೆಂಟ್ ಹೇಗೆ ಹರಿಯುತ್ತದೆ, ಫೈಬರಿನಲ್ಲಿ ಯಾಕೆ ಹರಿಯುವುದಿಲ್ಲ ಅಂತ ಶುರು ಮಾಡಿದರೆ ಅರ್ಧ ಜನ ಆಕಳಿಸುತ್ತಾರೆ. ಫೈಬರ್ ಏಣಿ ಬರುವುದೇ ಹಳದಿಯಲ್ಲಿ, ಬಣ್ಣಕ್ಕೆ ಭಾಷೆ ಬೇಡ. ಅದಕ್ಕೇ ಒಂದೇ ಸಾಲು ಕಟ್ಟಿಕೊಟ್ಟೆ — ಹಳದಿ ಹಿಡಿ, ಮನೆಗೆ ನಡಿ. ಎಲ್ಲರ ಕೈಲೂ ಮೂರು ಸಲ ಹೇಳಿಸಿದೆ. ಚಪ್ಪಾಳೆ ಬಿತ್ತು.

ಫೆಬ್ರವರಿ 20

ಪದ್ಮಯ್ಯನನ್ನು ಗೋಡೌನ್ ಹಿಂದೆ ಹಿಡಿದೆ. ಫೋಟೋ ತೋರಿಸಿದೆ. ಮೊದಲು ನಕ್ಕ. ಆಮೇಲೆ ಬೀಡಿ ಹುಡುಕಿದ.

"ಎಂತ ಮಾಡುದು ನಾಗಾರ್ಜುನಣ್ಣ. ಇನ್‌ಸ್ಪೆಕ್ಷನ್‌ನವರು ಅಷ್ಟೂ ಫೈಬರ್ ಇರ್ಬೇಕು ಅಂದ್ರು. ಮ್ಯಾನೇಜರ್ ಎರಡಕ್ಕೆ ಮಾತ್ರ ಸೈ ಹಾಕಿದ್ರು. ಉಳಿದದ್ದು ನೀನು ನೋಡ್ಕೊ ಅಂದ್ರು. ನೋಡ್ಕೊಂಡೆ, ಹಳೇ ಅಲ್ಯೂಮಿನಿಯಂ ಐದಕ್ಕೆ ಪೈಂಟ್ ಹೊಡೆದು."

"ಆಮೇಲೆ ಎತ್ತಿಡಬೇಕಿತ್ತಲ್ವಾ?"

"ಎತ್ತಿಡುವಾ ಅಂತಲೇ ಇತ್ತು. ಕೊಯ್ಲು ಶುರುವಾಯ್ತು. ನಿಮ್ಮ ಫೈಬರ್ ಏಣಿ ಭಾರ. ಇದು ಹಳದಿಯೂ ಹೌದು, ಹಗುರವೂ ಹೌದು. ಜನ ಇದಕ್ಕೇ ಜಗಳಾಡಿದ್ರು. ಹೊಸ ಮಾಡೆಲ್ ಅಂದ್ಕೊಂಡ್ರು."

ಧರ್ಮೇಶ ಹಿಡಿದದ್ದು ಅದರಲ್ಲೇ ಒಂದು. ಸುಟ್ಟ ಏಣಿಯನ್ನು ಅಂದೇ ತುಂಡು ಮಾಡಿದ್ದಾರೆ. ಇನ್ನು ನಾಲ್ಕು ಎಲ್ಲಿ ಅಂದೆ.

"ಗುಜರಿಯ ಚೇತನ್‌ಕುಮಾರಿಗೆ ಹಾಕಿದೆ. ಕಣ್ಣಿಗೆ ಕಾಣದ ಹಾಗೆ ಆಗ್ಲಿ ಅಂತ."

ಪೊಲೀಸರಿಗೆ ಹೇಳುತ್ತೇನೆ ಅಂದೆ. ಪದ್ಮಯ್ಯ ಬೀಡಿ ಹಚ್ಚಿದ. ದನಿ ಏರಿಸಲಿಲ್ಲ.

"ಹೇಳಿ. ಬಣ್ಣ ನಿಮ್ಮ ಅಂಗಡಿದು. ಹಳದಿ ಹಿಡಿ ಅಂತ ಮೈಕಲ್ಲಿ ಹೇಳಿದ್ದು ನೀವು. ನನಗೆ ಅಷ್ಟೆಲ್ಲ ಮಾತು ಬರುದಿಲ್ಲ."

ಹೇಳಿಯೇ ಬಂದೆ. ಸ್ಟೇಷನ್‌ನಲ್ಲಿ ಬರೆದುಕೊಂಡರು, ವಿಚಾರಣೆ ಮಾಡ್ತೇವೆ ಅಂದರು. ಮಾಡಲಿ. ಆದರೆ ವಿಚಾರಣೆ ಕಾಗದದ ಮೇಲೆ ನಡೆಯುತ್ತದೆ, ಏಣಿ ತೋಟದಲ್ಲಿ ನಡೆಯುತ್ತದೆ. ಕೊಯ್ಲು ಇನ್ನೂ ಅರ್ಧ ಬಾಕಿ.

ಫೆಬ್ರವರಿ 21

ಗುಜರಿ ಅಂಗಡಿ. ಚೇತನ್‌ಕುಮಾರ್ ಒಂದನ್ನು ತೋರಿಸಿದ, ತಗಡಿನ ಶೀಟ್ ಹಿಂದೆ ನಿಂತಿತ್ತು. ಕೀಲಿಕೈಯಿಂದ ಗೀರಿದೆ. ಹಳದಿ ಸಿಪ್ಪೆ ಎದ್ದು ಬೆಳ್ಳಗೆ ಮಿಂಚಿತು. ನನ್ನ ಎದುರೇ ಕಟರ್ ಹಾಕಿಸಿದೆ.

"ಉಳಿದದ್ದು?"

"ಎರಡು ತಿತಿಮತಿಗೆ ಹೋಯ್ತು ಅಣ್ಣ, ಮೆಣಸು ಕೊಯ್ಯುವವರು ಬಂದು ಕೇಳಿದ್ರು. ಗಟ್ಟಿ ಏಣಿ, ಮುರಿಯೋಕೆ ಮನಸ್ಸು ಬರಲಿಲ್ಲ."

"ಇನ್ನೊಂದು?"

"ಇನ್ನೊಂದು ಎಲ್ಲಿಂದ? ನಂಗೆ ಬಂದಿದ್ದೇ ಮೂರು."

ಪದ್ಮಯ್ಯನಿಗೆ ಫೋನ್. ತೆಗೆಯಲಿಲ್ಲ.

ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ವಾಟ್ಸಾಪಿನಲ್ಲಿ ವಾಯ್ಸ್ ಬಿಟ್ಟೆ. ಮೇಸ್ತ್ರಿಗಳು, ರೈಟರುಗಳು, ಜೀಪ್ ಡ್ರೈವರುಗಳು, ಎಲ್ಲ ಗ್ರೂಪಿಗೂ. "ನಾನು ನಾಗಾರ್ಜುನ. ಹಳದಿ ಏಣಿ ಮುಟ್ಟಬೇಡಿ. ನಾನು ನೋಡಿ ಹೇಳುವ ತನಕ ಮುಟ್ಟಬೇಡಿ." ಇದಕ್ಕಿಂತ ಚಿಕ್ಕದಾಗಿ, ಸ್ಪಷ್ಟವಾಗಿ ನಾನು ಜನ್ಮದಲ್ಲಿ ಮಾತಾಡಿದ್ದಿಲ್ಲ. ಸಂಜೆಯೊಳಗೆ ಇಡೀ ತಾಲೂಕಿಗೆ ಹಬ್ಬಿತು. ಸ್ವಲ್ಪ ಉಸಿರು ಬಂತು.

ಫೆಬ್ರವರಿ 22

ಉಸಿರು ಹೋಯಿತು.

ವ್ಯಾನಿನಲ್ಲಿ ಎರಡು ಫೈಬರ್ ಏಣಿ ಕಟ್ಟಿಕೊಂಡು ತಿತಿಮತಿಗೆ ಹೊರಟಿದ್ದೆ. ಗೋಣಿಕೊಪ್ಪಕ್ಕಿಂತ ಮೊದಲೇ ಒಂದು ತೋಟದ ಬೇಲಿಗೆ ಹಳದಿ ಏಣಿ ಎಸೆದಿದ್ದರು. ಇಳಿದು ಗೀರಿ ನೋಡಿದೆ. ಅಪ್ಪಟ ಫೈಬರ್. ನಾನೇ ಮಾರಿದ್ದು. ಒಳಗೆ ಜನ ಅಲ್ಯೂಮಿನಿಯಂ ಏಣಿ ಹಿಡಿದು ಲೈನ್ ಪಕ್ಕದಲ್ಲೇ ಕೊಯ್ಯುತ್ತಿದ್ದಾರೆ.

"ಇದ್ಯಾಕ್ರಪ್ಪ?"

"ಹಳದಿ ಮುಟ್ಟಬೇಡಿ ಅಂತ ನೀವೇ ಹೇಳಿದ್ದಲ್ವಾ," ಅಂತ ಮೇಸ್ತ್ರಿ. "ನಿನ್ನೆಯಿಂದ ಎಲ್ಲ ಕಡೆ ಹಿಂಗೇ. ಬೆಳ್ಳಗಿರೋದೇ ಸೇಫ್ ಅಂತೆ ಈಗ."

ಬೇಲಿ ಹಿಡಿದುಕೊಂಡು ನಿಂತೆ. ಮೂರು ಏಣಿಯಿಂದ ಜನ ಉಳಿಸಲು ಹೋಗಿ, ತಾಲೂಕಿನಲ್ಲಿರುವ ಅಷ್ಟೂ ಒಳ್ಳೆ ಏಣಿಯನ್ನು ಬೇಲಿಗೆ ಹಾಕಿಸಿದೆ. ಇನ್ನೊಂದು ವಾಯ್ಸ್ ಬಿಟ್ಟೆ, ಗೀರಿ ನೋಡಿ, ಒಳಗೆ ಮಿಂಚಿದರೆ ಮಾತ್ರ ಬಿಡಿ ಅಂತ. ಮೊದಲಿನದರ ಕಾಲು ಭಾಗವೂ ಹಬ್ಬಲಿಲ್ಲ. ವಿವರಣೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ತಿತಿಮತಿಯಲ್ಲಿ ಆ ಎರಡು ಸಿಕ್ಕವು. ಗುಂಪಿನ ಯಜಮಾನಿ ಮುತ್ತಮ್ಮ. ಫೋನ್ ಇಲ್ಲದವಳು, ಯಾವ ವಾಯ್ಸೂ ಕೇಳಿಲ್ಲ. ಗೀರಲು ಹೋದರೆ ಕೈ ಹಿಡಿದಳು.

"ಹೊಸ ಏಣಿ ಯಾಕ್ ಹಾಳ್ ಮಾಡ್ತೀಯಪ್ಪ? ಇದು ಬಂದ್ಮೇಲೆ ನಮ್ಮ ಹುಡುಗ್ರು ಲೈನ್ ಕೆಳಗೂ ಹೆದರದಂಗೆ ಹೋಯ್ತಾರೆ."

ಗೀರಿದೆ. ಮಿಂಚಿತು. ಮುತ್ತಮ್ಮ ಆ ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಮರಗಳ ಕಡೆ ತಿರುಗಿ, ಮೇಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೆಳಗೆ ಕರೆದಳು. ಎಲ್ಲ ಇಳಿಯುವವರೆಗೂ ನನ್ನ ಕಡೆ ನೋಡಲಿಲ್ಲ.

ಎರಡು ಫೈಬರ್ ಇಳಿಸಿ ಎರಡು ಅಲ್ಯೂಮಿನಿಯಂ ತಂದೆ. ಕುಸುಮಾ ವ್ಯಾನ್ ನೋಡಿ ಅಂದಳು, "ಈ ವ್ಯಾಪಾರ ಮೊದಲೇ ಮಾಡಿದ್ರೆ ಆಗ್ತಿತ್ತು." ಹೆಂಡತಿ ಹೇಳುವುದು ಇಷ್ಟೇ ಇರುತ್ತದೆ. ಸಾಕಾಗುತ್ತದೆ.

ಇನ್ನು ಒಂದು.

ಫೆಬ್ರವರಿ 26

ಶಿವರಾತ್ರಿ. ಕುಸುಮಾಳ ಉಪವಾಸ. ನನಗೂ ಊಟ ಸೇರುತ್ತಿಲ್ಲ, ಅದನ್ನೇ ಉಪವಾಸ ಅಂತ ಲೆಕ್ಕ ಹಿಡಿದುಕೊಂಡಿದ್ದಾಳೆ.

ಈ ಮೂರು ನಾಲ್ಕು ದಿನ ತಿರುಗದ ತೋಟವಿಲ್ಲ. ಕೀಲಿಕೈ ಮೊಂಡಾಗಿದೆ. ಎಷ್ಟೋ ಕಡೆ ಗೇಟಿನಿಂದಲೇ ಓಡಿಸಿದರು, ವ್ಯಾಪಾರಕ್ಕೆ ಹೊಸ ನಾಟಕ ಅಂತ. ಅವರ ಅನುಮಾನವೂ ಸುಳ್ಳಲ್ಲ. ಧರ್ಮೇಶ ಸತ್ತ ಮೇಲೆ ಫೈಬರ್ ಏಣಿ ಸ್ಟಾಕ್ ಖಾಲಿ. ಮೈಸೂರಿಗೆ ಇನ್ನೊಂದು ಲೋಡ್ ಆರ್ಡರ್ ಹಾಕಿದ್ದೇನೆ.

ಸಂಜೆ ಪದ್ಮಯ್ಯ ತಾನಾಗಿ ಅಂಗಡಿಗೆ ಬಂದ. ಕುಡಿದಿರಲಿಲ್ಲ, ಕುಡಿದಿದ್ದರೆ ಚೆನ್ನಾಗಿತ್ತು. ಕೌಂಟರ್ ಮೇಲಿನ ಗ್ಲೌಸ್ ಜೋಡಿ ತಿರುಗಿಸುತ್ತಾ ನಿಂತ.

"ಪೊಲೀಸರು ಏಣಿ ಲೆಕ್ಕ ಕೇಳಿದ್ರು. ನಾಲ್ಕೂ ಗುಜರಿಗೆ ಅಂದೆ."

"ನಾಲ್ಕನೇದು ಎಲ್ಲಿ ಪದ್ಮಯ್ಯ?"

ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಒಳಗೆ ಮಡಚಿದ.

"ಗಂಡ ಸತ್ತವಳು. ಆಳುಗಳ ಲೈನ್ ಮನೆ ಖಾಲಿ ಮಾಡಿ ತವರಿಗೆ ಹೊರಟಿದ್ಲು. ಬರಿಗೈಲಿ ಕಳಿಸುದು ಹೇಗೆ ಅಂತ ಮ್ಯಾನೇಜರ್ ಏನು ಬೇಕಮ್ಮಾ ಅಂದ್ರು. ನನ್ನ ತಮ್ಮ ಮೆಣಸು ಕೊಯ್ತಾನೆ, ಇವರ ಹಾಗೆ ಆಗ್ಬಾರ್ದು, ಒಂದು ಹಳದಿ ಏಣಿ ಕೊಡಿ ಅಂದ್ಲು." ಗ್ಲೌಸ್ ಕೆಳಗಿಟ್ಟ. "ಗೋಡೆಗೆ ಒರಗಿದ್ದು ಅವಳೇ ಆರಿಸಿದ್ದು. ಹಗುರದ್ದು. ಸುತ್ತ ಜನ ಇದ್ರು. ಅದು ಅದಲ್ಲ ಅಂತ ಹೇಗೆ ಹೇಳುದು ನಾಗಾರ್ಜುನಣ್ಣ?"

ಆಶಾರಾಣಿ. ತವರು ಶ್ರೀಮಂಗಲದ ಹತ್ತಿರ. ತಮ್ಮ ಮನು. ಅವಳ ನಂಬರ್ ಸ್ವಿಚ್ಡ್ ಆಫ್, ಮನುವಿನ ನಂಬರ್ ಯಾರಲ್ಲೂ ಇಲ್ಲ. ಇಂದು ಹಬ್ಬದ ರಜೆ, ಕೊಯ್ಲಿಲ್ಲ. ನಾಳೆ ಉಂಟು.

ಫೆಬ್ರವರಿ 27, ಬೆಳಗ್ಗೆ

ಕತ್ತಲಿರುವಾಗಲೇ ಹೊರಟೆ. ವಿರಾಜಪೇಟೆ ದಾಟಿ ಟಯರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಊರಿಗೆಲ್ಲ ಸೇಫ್ಟಿ ಮಾರುವವನ ವ್ಯಾನು. ಪಂಕ್ಚರ್ ಅಂಗಡಿ ತೆಗೆಯುವವರೆಗೆ ರಸ್ತೆ ಬದಿ...

ಮನೆ ಸಿಕ್ಕಿತು. ಆಶಾರಾಣಿ ಅಂಗಳ ಗುಡಿಸುತ್ತಿದ್ದಳು. ಹೇಳಿದೆ. ನಾನು ಎಷ್ಟೆಲ್ಲ ಮಾತಾಡಿದವನು, ಇದಕ್ಕೆ ಮಾತ್ರ ಸಾಲು ಸಿಗಲಿಲ್ಲ. ಹೇಗೋ ಹೇಳಿದೆ.

"ಹಂಗಾದ್ರೆ ಇವರು ತಗೊಂಡು ಹೋಗಿದ್ದೂ..."

"ಅದೇ."

"ನೀವು ಮಣ್ಣಿನ ದಿನ ಅಂದ್ರಿ. ಮಾತು ಕೇಳಿದ್ದಿದ್ರೆ ಅಂತ."

ಅಂದೆ ಅಂತ ಒಪ್ಪಿಕೊಂಡೆ. ಅವಳು ಪೊರಕೆ ಗೋಡೆಗೆ ಒರಗಿಸಿ ವ್ಯಾನ್ ಹತ್ತಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ.

ಅದೇ ದಿನ, ಮನು ಕೊಯ್ಯುವ ಎಸ್ಟೇಟಿನ ಗೇಟು

ಮನು ಏಳು ಗಂಟೆಗೇ ಒಳಗೆ ಹೋಗಿದ್ದಾನೆ ಅಂತ ವಾಚ್‌ಮನ್. ಯಾವ ಬ್ಲಾಕ್ ಗೊತ್ತಿಲ್ಲ, ಕೆಳಗಿನದ್ದಿರಬೇಕು. ಆ ಕಡೆಯೇ ಲೈನ್ ಹೋಗುವುದು. ವ್ಯಾನ್ ಹೋಗುವ ದಾರಿಯಿಲ್ಲ. ಒಳಗೆ ಯಾರ ಫೋನಿಗೂ ಸಿಗ್ನಲ್ ಇಲ್ಲ. ನಾನೂ ಇಳಿದು ಮಂಡಿನೋವಿನ ಕಾಲು ಎಳೆಯುತ್ತಾ ಹೊರಟೆ. ಆಶಾರಾಣಿ ತಡೆದಳು.

"ನಿಮ್ಮ ಕಾಲಿಗೆ ಈ ಇಳಿಜಾರು ಆಗಲ್ಲ. ದಾರಿ ನಂಗೆ ಗೊತ್ತು. ಸಿಗ್ನಲ್ ಇರೋದು ಈ ಗೇಟಲ್ಲಿ ಮಾತ್ರ. ಕರೆಂಟ್ ತೆಗೆಸಿ. ಮಾತಾಡೋದು ನಿಮಗೆ ಬರ್ತದಲ್ಲ."

ಓಡಿದಳು.

ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ನಿಜವನ್ನೇ ಹೇಳಿದೆ, ಏಣಿ, ಬಣ್ಣ, ಎಲ್ಲ. "ಏಣಿಗೆ ಬಣ್ಣ ಬಳಿದಿದ್ದಾರೆ ಅಂತ ಲೈನ್ ಆಫ್ ಮಾಡೋಕಾಗಲ್ಲ ಸರ್. ಎಸ್ಟೇಟಿನವರ ಕೈಲಿ ಹೇಳಿಸಿ." ಇಟ್ಟ.

ಮತ್ತೆ ಮಾಡಿದೆ. ದನಿ ಬದಲಿಸಿದೆ. ರಸ್ತೆಗೆ ತಂತಿ ಬಿದ್ದಿದೆ, ಹಸು ಒಂದು ಸತ್ತಿದೆ, ಸ್ಕೂಲ್ ಮಕ್ಕಳು ಬರುವ ಹೊತ್ತು ಅಂದೆ. ಹಸುವಿನ ಬಣ್ಣ ಕೂಡ ಹೇಳಿದೆ.

ಗೇಟ್ ಕಂಬದ ಮೇಲೆ ಒಂದು ಬಲ್ಬು, ಹಗಲಲ್ಲೂ ಯಾರೂ ಆರಿಸುವುದಿಲ್ಲ. ಅದು ಆರಿತು.

ಬಲ್ಬು ಆರಿದೆ ಅಂದರೆ ಲೈನ್ ಸತ್ತಿದೆ. ಸತ್ತಿರಲಿ. ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಆಫೀಸಿನಿಂದ ಫೋನ್. ಲೈನ್‌ಮನ್ ರಸ್ತೆಯುದ್ದಕ್ಕೂ ಬೈಕಲ್ಲಿ ಹೋಗಿ ನೋಡಿದನಂತೆ. ತಂತಿ ಇಲ್ಲ, ಹಸು ಇಲ್ಲ. "ಎಲ್ಲಿ ಸರ್ ಬಿದ್ದಿರೋದು?" ಇನ್ನೂ ಮುಂದೆ, ತಿರುವಿನಲ್ಲಿ ಅಂದೆ. "ಅಲ್ಲೂ ನೋಡಾಯ್ತು." ಸ್ವಲ್ಪ ತಡೀರಿ ಅಂದೆ. ದಮ್ಮಯ್ಯ ಅಂದೆ. ಕಟ್ ಆಯ್ತು. ಮತ್ತೆ ಮಾಡಿದರೆ ಎಂಗೇಜ್.

ತೋಟದ ಕಡೆಯಿಂದ ಸದ್ದಿಲ್ಲ. ಆಶಾರಾಣಿ ಬಂದಿಲ್ಲ. ಕೂಗು ಕೇಳಿದ ಹಾಗಾಯಿತು, ವಾಚ್‌ಮನ್ ಇಲ್ಲ ಅಂದ.

ಯಾರಿಗೆ ಏನು ಬಂತು, ಅದನ್ನಾದರೂ ಬರೆದು ಮುಗಿಸುತ್ತೇನೆ.

ಎಸ್ಟೇಟಿಗೆ ಸರ್ಟಿಫಿಕೇಟ್.
ಮ್ಯಾನೇಜರಿಗೆ ಐದು ಏಣಿ ಉಳಿತಾಯ.
ಪದ್ಮಯ್ಯನಿಗೆ ಕೆಲಸ ಉಳಿಯಿತು, ಇಲ್ಲಿಯವರೆಗೆ.
ಚೇತನ್‌ಕುಮಾರಿಗೆ ಗುಜರಿ ರೇಟಿಗೆ ಕೊಂಡು ಏಣಿ ರೇಟಿಗೆ ಮಾರಿದ ಲಾಭ.
ಮುತ್ತಮ್ಮನಿಗೆ ಎರಡು ಒಳ್ಳೆ ಏಣಿ, ಮೇಲಿದ್ದವರೆಲ್ಲ ಕೆಳಗೆ.
ನನಗೆ ಸ್ಟಾಕ್ ಖಾಲಿ, ಮೈಸೂರಿಂದ ಹೊಸ ಲೋಡ್.
ಧರ್ಮೇಶನಿಗೆ ಏನಿಲ್ಲ.
ಆಶಾರಾಣಿಗೆ ಒಂದು ಹಳದಿ ಏಣಿ.

ಬಲ್ಬು ಹತ್ತಿತು.

ಮನುಗೆ —