ಈ ಶುಕ್ರವಾರ ಅವರವರ ತಟ್ಟೆ

ರೀ,

ಹೊಲಿದಿಟ್ಟ ಮದುಮಗಳ ಕಫ್ತಾನ್ ನಿಲುವಂಗಿ ಕೊಡಬೇಕು, ಹೊರಟೆ. ಮಧ್ಯಾಹ್ನಕ್ಕೆ ಬರ್ತೀನಿ.

ವಾಂತಿ ನಿಂತಿತು ಅಂತ ಕುಣಿಯಬೇಡಿ. ನಿಂತ ಮೇಲೂ ಎರಡು ದಿನ ನೀವು ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಅನ್ನದ ಗಂಜಿ, ಪುದೀನಾ ಚಹಾ ಎರಡೂ ಮಂಚದ ಪಕ್ಕದಲ್ಲೇ ಇವೆ.

ಪಾಯಿಖಾನೆಗೆ ಹೋಗಿ ಬಂದಾಗಲೆಲ್ಲ ಸೋಪು ಹಚ್ಚಿ ಕೈ ತಿಕ್ಕಿ ತೊಳೀರಿ. ನೀವು ತಂದ ಆ ಘಮಘಮ ಜೆಲ್ ಈ ಕಾಯಿಲೆಗೆ ಸಾಲದು. ಕೆಂಪು ಟವೆಲ್ ನಿಮ್ಮದು, ಬೇರೆ ಯಾವುದನ್ನೂ ಮುಟ್ಟಬೇಡಿ. ಕೊಳೆ ಬಟ್ಟೆ ಒದರದೆ ಬಕೆಟ್ಟಿಗೆ ಹಾಕಿ, ಬಂದು ಬಿಸಿನೀರಲ್ಲಿ ನಾನೇ ಒಗೀತೀನಿ.

ನಿಮ್ಮಮ್ಮ ಮಹಡಿಯಿಂದ ಇಳಿದು ಬಂದೇ ಬರ್ತಾರೆ. "ತಾಯಿ ಕೊಟ್ಟ ಮುತ್ತಿಂದ ಅಂಟೋ ರೋಗ ಇನ್ನೂ ಹುಟ್ಟಿಲ್ಲ ಕಣೇ ತಾಮು! ಬೂಶ್ತಾ ಮೊದಲು ನನ್ನ ಮಗ, ಆಮೇಲೆ ನಿನ್ನ ಗಂಡ" ಅಂತ ನಿನ್ನೆಯೇ ಸವಾಲು ಹಾಕಿದಾರೆ. ಎಂಬತ್ತೆರಡರ ಜೀವ, ಎರಡು ಸಲ ಭೇದಿಯಾದರೆ ಮೇಲೇಳಲ್ಲ. ಅತ್ತರೂ ಬೈದರೂ ಚಿಲಕ ತೆಗೀಬೇಡಿ. ಒಳಗಿಂದಲೇ ಎಷ್ಟು ಬೇಕಾದರೂ ಬೈಸಿಕೊಳ್ಳಿ, ಬೈಗುಳ ಅಂಟಲ್ಲ.

ಶುಕ್ರವಾರ ಆದರೂ ಇವತ್ತು ಎಲ್ಲರೂ ಸುತ್ತ ಕೂತು ಒಟ್ಟಿಗೆ ಕೈಹಾಕಿ ಉಣ್ಣೋ ದೊಡ್ಡ ಹರಿವಾಣ ಇಲ್ಲ. ಕುಸ್ಕುಸ್ ಅವರವರ ತಟ್ಟೆಗೇ. ಅಮ್ಮನ ತಟ್ಟೆ ಮೇಲಕ್ಕೇ ಕೊಟ್ಟು ಬರ್ತೀನಿ.

ಇಪ್ಪತ್ತಾರು ವರ್ಷದಿಂದ ಹರಿವಾಣದಲ್ಲಿರೋ ಮಾಂಸದ ಮೆತ್ತನೆ ತುಂಡು ತಾನಾಗೇ ನನ್ನ ಕಡೆಗೆ ಉರುಳಿ ಬರುತ್ತೆ ಅಂದುಕೊಂಡಿದ್ದೆ. ನಿನ್ನೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತೆ. ತುಂಡು ಇಟ್ಟಲ್ಲೇ ಇತ್ತು.

ತುಂಡು ತಳ್ಳೋ ಕೈಯನ್ನ ಚೆನ್ನಾಗಿ ತೊಳ್ಕೊಳ್ಳಿ. ಮುಂದಿನ ಶುಕ್ರವಾರಕ್ಕೆ ಬೇಕು.

ತಾಮು