ಪಾಲಿಸಿದವಳಿಗೂ ನೋಟಿಸು, ಮೀರಿದವರಿಗೂ ನೋಟಿಸು

ಅಗ್ನಿಶಾಮಕ ದಳದ ಮಾನ್ಯ ಮಹಾನಿರ್ದೇಶಕರೇ,

ಒಂದೇ ಗೋದಾಮು, ಒಂದೇ ಬೆಂಕಿ, ತಮ್ಮ ಕಚೇರಿಯಿಂದ ಎರಡು ನೋಟಿಸು! ಯಂತ್ರದ ಮಾತು ಪಾಲಿಸಿದಳೆಂದು ನನ್ನ ಮಗಳಿಗೊಂದು. ಅದೇ ಯಂತ್ರದ ಮಾತು ಮೀರಿದರೆಂದು ಅವಳ ಹಿರಿಯ ಅಧಿಕಾರಿಗೊಂದು. ಭಲೇ, ಪ್ರಭುಗಳೇ! ನಾಟಕ ಕಂಪನಿಯಲ್ಲಿ ಬೆಳೆದವನು ನಾನು. ಅಪ್ಪಣೆ ಪಾಲಿಸಿದವನನ್ನೂ ಮೀರಿದವನನ್ನೂ ಒಟ್ಟಿಗೇ ಗಲ್ಲಿಗೇರಿಸುವ ರಾಜನ ಪಾತ್ರ ನಮ್ಮಲ್ಲಿ ಹಾಸ್ಯಗಾರನಿಗೇ ಮೀಸಲಿತ್ತು.

ಮೊದಲೆಲ್ಲ ಹೊಸ ಅಧಿಕಾರಿಯನ್ನು ಹಳಬರೊಬ್ಬರ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ದಳದವರೆಲ್ಲ ‘ದೊಡ್ಡಣ್ಣ’ ಎನ್ನುವ ಆ ಹಿರಿಯ ಅಧಿಕಾರಿ ಬೆಂಕಿಯೆದುರು ನಿಂತು, ಕಂಡದ್ದನ್ನೆಲ್ಲ ನನ್ನ ಮಗಳಿಗೆ ಗಟ್ಟಿಯಾಗಿ ಹೇಳುತ್ತಿದ್ದರು: “ನೋಡಮ್ಮ, ಹೊಗೆ ಬಾಗಿಲಲ್ಲಿ ಒಳಕ್ಕೂ ಹೊರಕ್ಕೂ ಉಸಿರಾಡ್ತಿದೆ. ಅಂಥ ಕಡೆ ಒಮ್ಮೆಲೇ ಭುಗಿಲೆನ್ನುತ್ತೆ, ಯಾರನ್ನೂ ಕಳಿಸಬೇಡ.” ಆ ಜೋಡಿ ಪಾಳಿಯನ್ನು ತಾವು ರದ್ದು ಮಾಡಿದಿರಿ. ಯಾಕೆ? ಸಲಹೆ ಕೊಡುವ ಕಂಪ್ಯೂಟರು ಬಂತಲ್ಲ!

ಹಾಸಿಗೆ ಗೋದಾಮು ಹೊತ್ತಿದ ದಿನ ಮಗಳು ಮೊದಲ ಸಲ ಒಬ್ಬಳೇ ತಂಡ ನಡೆಸುತ್ತಿದ್ದಳು. ಕೈಲಿದ್ದ ಕಂಪ್ಯೂಟರಿನ ಪರದೆ ಹಸಿರಾಯಿತು: ‘ಒಳಗೆ ಪ್ರವೇಶಿಸಿ’. ಇಬ್ಬರನ್ನು ಕಳಿಸಿದಳು. ಎರಡನೆಯ ವಾಹನದಲ್ಲಿ ಬಂದ ದೊಡ್ಡಣ್ಣ ಹೊಗೆ ನೋಡಿದವರೇ “ಎಲ್ಲಾ ಹೊರಗೆ!” ಎಂದು ಗರ್ಜಿಸಿದರು. ಒಳಗಿದ್ದವರಿಗೆ ಕೇಳಬೇಕಲ್ಲ? ಯಂತ್ರಕ್ಕೆ ಎದುರಾದ ಆದೇಶ ರೇಡಿಯೊದಲ್ಲಿ ಹೋಗಬೇಕಾದರೆ ಮೊದಲು ಪರದೆಯ ಪ್ರಶ್ನೆಗಳಿಗೆಲ್ಲ ಉತ್ತರ ತುಂಬಬೇಕು. ಅದು ತಮ್ಮದೇ ನಿಯಮ! ಅವರು ಪರದೆ ಬಿಸಾಕಿ ಬಾಗಿಲಿಗೇ ಓಡಿದರು. ಒಬ್ಬ ಹೊರಬಂದ. ಇನ್ನೊಬ್ಬ ಹೊಸ್ತಿಲಲ್ಲಿದ್ದಾಗ ಒಳಗೆಲ್ಲ ಒಮ್ಮೆಲೇ ಭುಗಿಲೆಂದಿತು. ಬೆನ್ನು ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದಾನೆ.

ಮನೆಗೆ ಬಂದ ಮಗಳು ಹೇಳಿದಳು: “ಹಸಿರು ತೋರಿಸ್ತು ಅಪ್ಪಾ.”

“ಯಾಕೆ ಅಂತ ಅದು ಹೇಳ್ಲಿಲ್ವೇನೇ?”

“ಕಾರಣ ಹೇಳಲ್ಲ ಅದು, ಬಣ್ಣ ಅಷ್ಟೇ. ಹೊಗೆ ನನಗೂ ಕಂಡಿತ್ತು. ನನ್ನ ಕಣ್ಣಿಗಿಂತ ಅದಕ್ಕೇ ಜಾಸ್ತಿ ಗೊತ್ತಿರುತ್ತೆ ಅಂದ್ಕೊಂಡೆ.”

ಕೇಳಿಸಿತೇ, ಮಾನ್ಯರೇ? ಕಣ್ಣಿದ್ದ ಹುಡುಗಿಗೆ ಕಣ್ಣಿನ ಮೇಲೇ ಅನುಮಾನ ಹುಟ್ಟಿಸಿದಿರಿ. ಈಗ ತಮ್ಮ ನೋಟಿಸು ‘ಯಂತ್ರ ಸಲಹೆಯನ್ನಷ್ಟೇ ನೀಡುತ್ತದೆ, ನಿರ್ಧಾರ ಅಧಿಕಾರಿಯದು’ ಎನ್ನುತ್ತದೆ. ಹಾಗಿದ್ದರೆ ನಿರ್ಧಾರ ತೆಗೆದುಕೊಂಡ ದೊಡ್ಡಣ್ಣ ಮಾಡಿದ ತಪ್ಪೇನು?

ನಮ್ಮ ರಂಗದಲ್ಲೂ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನೊಬ್ಬನಿದ್ದ. ಹೊಸ ನಟ ತಡವರಿಸಿದರೆ ಎದುರಿಗೆ ಯಾರಿದ್ದಾರೆ, ಏನಾಗಿದೆ ಎಂದೆಲ್ಲ ಪಿಸುಗುಡುತ್ತಿದ್ದ. ಹಳಬ ಮಾತು ಬದಲಿಸಿ ನಾಟಕ ಉಳಿಸಿದರೆ ತೆಪ್ಪಗಿರುತ್ತಿದ್ದ. ಹಳಬನ ಬಾಯಿಗೆ ಕೈ ಅಡ್ಡ ಹಿಡಿದು, ‘ಯಾಕೆ ಬದಲಿಸಿದೆ, ಮೊದಲು ಬರೆದುಕೊಡು’ ಎಂದವನಲ್ಲ! ಹೊಸಬರಿಗೆ ಕಾರಣ ಹೇಳದ, ಹಳಬರಿಗೆ ದಾರಿ ಬಿಡದ ಯಂತ್ರ ಯಾರ ನೆರವಿಗೆ?

ಸೋಮವಾರದ ವಿಚಾರಣೆಗೆ ಮೊದಲು ಎರಡೂ ನೋಟಿಸು ಹಿಂಪಡೆಯಿರಿ. ಜೋಡಿ ಪಾಳಿ ಮರಳಿಸಿ. ಯಂತ್ರ ಹೊಸಬರಿಗೆ ಬಣ್ಣದ ಜೊತೆ ಕಾರಣವನ್ನೂ ತೋರಿಸಲಿ. ಹಳಬರ ರೇಡಿಯೊಗೆ ಅಡ್ಡ ಬರದಿರಲಿ. ದೊಡ್ಡಣ್ಣ ಪರದೆಯ ಆ ಪ್ರಶ್ನೆಗಳಿಗೆ ಇನ್ನೂ ಉತ್ತರ ತುಂಬಿಲ್ಲವೆಂದು ತಮಗೆ ಸಿಟ್ಟಂತೆ. ಉತ್ತರ ಆಸ್ಪತ್ರೆಯಲ್ಲಿ ಬೋರಲು ಮಲಗಿದೆ. ಹೋಗಿ ಓದಿಕೊಳ್ಳಿ.

ಇಂತಿ,
ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲೋ, ಮಡಚಿ ಒಳಗಿಡಲೋ ತಿಳಿಯದೆ ಕೂತಿರುವ ಒಬ್ಬ ಅಪ್ಪ